ಹೀಟ್‌ಮ್ಯಾಪ್ ಟಿಪ್ಪಣಿಗೆ ಕೋಷ್ಟಕ ಸಿದ್ಧತೆ: ಸಾಲು ತಪ್ಪಿದರೆ ಊರೇ ತಪ್ಪೀತು

ಹೊಸಬಾಳೆ (ಸೊರಬ): ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಈ ಗ್ರಾಮದ ಹೆಸರನ್ನು ಕನ್ನಡ ಬಲ್ಲವರೆಲ್ಲರೂ ಒಂದೇ ರೀತಿ ಓದುತ್ತಾರೆ. ಗಣಕಯಂತ್ರ ಮಾತ್ರ ಹಾಗೆ ಓದುವುದಿಲ್ಲ. ಒಂದು ಕಡತದಲ್ಲಿರುವ ‘ಹೊಸಬಾಳೆ’ ಹಾಗೂ ಇನ್ನೊಂದು ಕಡತದಲ್ಲಿರುವ ‘ಹೊಸಬಾಳೆ’ ಕಣ್ಣಿಗೆ ಒಂದೇ ಆಗಿ ಕಂಡರೂ ಯಂತ್ರದ ಲೆಕ್ಕದಲ್ಲಿ ಎರಡು ಬೇರೆ ಊರುಗಳಾಗಬಹುದು. ಹೀಗಾದಾಗ ಒಂದು ಊರಿನ ಅಂಕಿಗಳಿಗೆ ಅದರ ವಿವರ ಸೇರುವುದೇ ಇಲ್ಲ, ಇಲ್ಲವೇ ಮತ್ತೊಂದು ಊರಿನ ವಿವರ ಬಂದು ಅಂಟಿಕೊಳ್ಳುತ್ತದೆ.

ಆರೋಗ್ಯ, ಮಳೆ, ಬೆಳೆ, ಚುನಾವಣೆ ಮೊದಲಾದ ವಿಷಯಗಳ ಅಂಕಿಅಂಶಗಳನ್ನು ಬಣ್ಣದ ಕೋಷ್ಟಕವಾಗಿ ತೋರಿಸುವ ‘ಹೀಟ್‌ಮ್ಯಾಪ್’ ಈಗ ಪತ್ರಿಕೆಗಳಲ್ಲಿ, ಸರ್ಕಾರಿ ವರದಿಗಳಲ್ಲಿ, ಸಂಶೋಧನಾ ಪ್ರಬಂಧಗಳಲ್ಲಿ ಸಾಮಾನ್ಯವಾಗಿದೆ. ಚಿತ್ರ ಬಿಡಿಸುವ ಕೆಲಸವನ್ನು ತಂತ್ರಾಂಶ ಕ್ಷಣಾರ್ಧದಲ್ಲಿ ಮುಗಿಸುತ್ತದೆ. ಅದಕ್ಕೂ ಮುನ್ನ ಕೋಷ್ಟಕವನ್ನು ಹಸನು ಮಾಡುವ ಕೆಲಸ ಮನುಷ್ಯರದ್ದು. ಆ ಕೆಲಸದ ಕ್ರಮವನ್ನು ಇದೇ ತಾಲ್ಲೂಕಿನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಮಂಗನ ಕಾಯಿಲೆಯ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ಹೀಟ್‌ಮ್ಯಾಪ್ ಎಂದರೇನು?

ಅಡ್ಡಸಾಲು ಮತ್ತು ಕಂಬಸಾಲುಗಳುಳ್ಳ ಕೋಷ್ಟಕದಲ್ಲಿ ಪ್ರತಿ ಮನೆಯ ಅಂಕಿಗೂ ಒಂದು ಬಣ್ಣ ತುಂಬಿದರೆ ಅದೇ ಹೀಟ್‌ಮ್ಯಾಪ್. ಅಂಕಿ ಹೆಚ್ಚಾದಂತೆ ಬಣ್ಣ ಗಾಢವಾಗುತ್ತದೆ. ಈ ಉಪಾಯ ಹೊಸದಲ್ಲ. ಪ್ಯಾರಿಸ್ ನಗರದ ವಿಭಾಗಗಳ ಜನಜೀವನದ ಅಂಕಿಅಂಶಗಳನ್ನು ತೂಸಾಂ ಲುವಾ ಎಂಬಾತ 1873ರಲ್ಲಿಯೇ ಹೀಗೆ ಬಣ್ಣದ ಕೋಷ್ಟಕವಾಗಿಸಿದ್ದ. 1998ರಲ್ಲಿ ಮೈಕೆಲ್ ಐಸೆನ್ ಮತ್ತು ಸಂಗಡಿಗರು ವಂಶವಾಹಿಗಳ ಅಧ್ಯಯನಕ್ಕೆ ಇದನ್ನು ಬಳಸಿದ ಬಳಿಕ ಜೀವವಿಜ್ಞಾನದಲ್ಲಿ ಇದು ಮನೆಮಾತಾಯಿತು.

ಬಣ್ಣ ತುಂಬಿದ ಕೋಷ್ಟಕ ‘ಎಷ್ಟು’ ಎಂಬುದನ್ನು ಹೇಳುತ್ತದೆ. ‘ಎಲ್ಲಿಯದು, ಎಂಥದು’ ಎಂಬುದನ್ನು ಹೇಳಲು ಕೋಷ್ಟಕದ ಅಂಚಿನಲ್ಲಿ ಕಿರಿದಾದ ಬಣ್ಣದ ಪಟ್ಟಿಗಳನ್ನು ಇರಿಸಲಾಗುತ್ತದೆ. ಇವುಗಳೇ ಟಿಪ್ಪಣಿ ಪಟ್ಟಿಗಳು. ಅಡ್ಡಸಾಲುಗಳು ಗ್ರಾಮಗಳಾಗಿದ್ದರೆ ಎಡಬದಿಯ ಪಟ್ಟಿಗಳು ತಾಲ್ಲೂಕು, ಕಾಡಂಚು ಅಥವಾ ಬಯಲು, ಮಂಗಗಳ ಸಾವು ವರದಿಯಾಗಿದೆಯೇ ಎಂಬುದನ್ನು ತೋರಿಸಬಹುದು. ಕಂಬಸಾಲುಗಳು ವಾರಗಳಾಗಿದ್ದರೆ ಮೇಲಿನ ಪಟ್ಟಿ ತಿಂಗಳನ್ನು ತೋರಿಸಬಹುದು.

ಆದ್ದರಿಂದ ಕೋಷ್ಟಕಗಳು ಎರಡು ಬೇಕು. ಒಂದು, ಅಂಕಿ ಕೋಷ್ಟಕ. ಇನ್ನೊಂದು, ಟಿಪ್ಪಣಿ ಕೋಷ್ಟಕ. ಎರಡನ್ನೂ ಸರಿಯಾಗಿ ಹೊಂದಿಸುವುದೇ ಇಲ್ಲಿನ ಮುಖ್ಯ ಕೆಲಸ.

ಕ್ಯಾಸನೂರು ಕಲಿಸಿದ ಪಾಠ

1957ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮಂಗಗಳು ಸಾಯುತ್ತಿರುವುದು ಗಮನಕ್ಕೆ ಬಂದಿತು. ಅದೇ ಸುಮಾರಿಗೆ ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರಕ್ಕೆ ತುತ್ತಾಗುತ್ತಿದ್ದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಎರಡನ್ನೂ ಒಟ್ಟಿಗೆ ಪರಿಶೀಲಿಸಿದರು. ಮೊದಲಿಗೆ ಹಳದಿ ಜ್ವರದ ಶಂಕೆಯೂ ಇತ್ತು. ಕೊನೆಗೆ ಉಣುಗುಗಳಿಂದ ಹರಡುವ ಹೊಸದೊಂದು ವೈರಾಣು ಪತ್ತೆಯಾಗಿ, ಆ ಕಾಡಿನ ಹೆಸರೇ ಕಾಯಿಲೆಗೂ ಬಂದಿತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಮಂಗಗಳ ಸಾವಿನ ಪಟ್ಟಿಯನ್ನು ಒಂದೆಡೆ, ಮನುಷ್ಯರ ಜ್ವರದ ಪಟ್ಟಿಯನ್ನು ಇನ್ನೊಂದೆಡೆ ಇಟ್ಟುಬಿಟ್ಟಿದ್ದರೆ ನಂಟು ಕಾಣುತ್ತಿರಲಿಲ್ಲ. ಸ್ಥಳ ಮತ್ತು ಕಾಲದ ಆಧಾರದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಅರ್ಥ ಹೊರಟಿತು. ಹೀಟ್‌ಮ್ಯಾಪ್‌ನ ಟಿಪ್ಪಣಿ ಪಟ್ಟಿ ಮಾಡುವ ಕೆಲಸವೂ ಅದೇ. ಪಕ್ಕದಲ್ಲಿ ಇಟ್ಟದ್ದು ಬೇರೆ ಊರಿನದ್ದಾದರೆ ಕಾಣುವ ನಂಟು ಸುಳ್ಳಾಗುತ್ತದೆ. ಉಣುಗು ನಿರೋಧಕ ತೈಲವನ್ನು ಮೊದಲು ಎಲ್ಲಿ ಹಂಚಬೇಕು, ಜ್ವರ ಸಮೀಕ್ಷೆಯನ್ನು ಎಲ್ಲಿ ಬಿಗಿಗೊಳಿಸಬೇಕು ಎಂಬ ತೀರ್ಮಾನಗಳು ಇಂತಹ ಚಿತ್ರವನ್ನು ನೋಡಿ ಆಗುವಾಗ ಈ ಸುಳ್ಳು ಕಾಗದದ ಮೇಲಷ್ಟೇ ಉಳಿಯುವುದಿಲ್ಲ.

ಮೊದಲ ಕೆಲಸ: ಹೆಸರಲ್ಲ, ಸಂಕೇತ

ಎರಡು ಕೋಷ್ಟಕಗಳನ್ನು ಊರಿನ ಹೆಸರಿನ ಮೇಲೆ ಜೋಡಿಸುವುದು ಸುಲಭವೆನಿಸಿದರೂ ಅಪಾಯಕಾರಿ. ಕಾರಣಗಳು ಹಲವು.

ಹೆಸರು ಬದಲಾಗುತ್ತದೆ: 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಕನ್ನಡದ ಉಚ್ಚಾರಣೆಗೆ ತಕ್ಕಂತೆ ಬದಲಾದವು. ಅದಕ್ಕೂ ಹಿಂದಿನ ಕಡತಗಳಲ್ಲಿ ‘ಶಿಮೊಗ’ ಎಂದೂ, ನಂತರದವುಗಳಲ್ಲಿ ‘ಶಿವಮೊಗ್ಗ’ ಎಂದೂ ಇರುತ್ತದೆ. 2011ರ ಜನಗಣತಿಯ ಆಂಗ್ಲ ಪಟ್ಟಿಯಲ್ಲಿ ಸೊರಬ ‘ಸೊರಬ್’ ಆಗಿಯೂ, ಶಿಕಾರಿಪುರ ‘ಶಿಕಾರ್‌ಪುರ್’ ಆಗಿಯೂ ಕಾಣಿಸಿಕೊಳ್ಳುತ್ತವೆ.

ಒಂದೇ ಹೆಸರು ಹಲವೆಡೆ: ಸೊರಬದಲ್ಲೂ ಕಸಬಾ ಹೋಬಳಿ ಇದೆ, ಶಿಕಾರಿಪುರದಲ್ಲೂ ಇದೆ. ‘ಕಸಬಾ’ ಎಂಬ ಹೆಸರಿನ ಮೇಲೆ ಜೋಡಿಸಿದರೆ ಎರಡು ತಾಲ್ಲೂಕುಗಳು ಬೆರೆತುಹೋಗುತ್ತವೆ. ಹೊಸೂರು, ಹೊಸಹಳ್ಳಿ ಮುಂತಾದ ಹೆಸರಿನ ಊರುಗಳಂತೂ ರಾಜ್ಯದ ಉದ್ದಗಲಕ್ಕೂ ಇವೆ.

ಲಿಪ್ಯಂತರದ ತೊಡಕು: ಆಂಗ್ಲ ಲಿಪಿಯಲ್ಲಿ ‘ಲ’ ಮತ್ತು ‘ಳ’ಗಳಿಗೆ ಒಂದೇ ಅಕ್ಷರ. ಹೊಸಬಾಳೆಯನ್ನು ಆಂಗ್ಲಕ್ಕೆ ತಂದು ಮತ್ತೆ ಕನ್ನಡಕ್ಕೆ ತಿರುಗಿಸಿದರೆ ‘ಹೊಸಬಲೆ’ ಎಂದು ಬರುವ ಸಂಭವವಿದೆ.

ಇದಕ್ಕೆ ಪರಿಹಾರ ಸಂಕೇತ ಸಂಖ್ಯೆ. ಜನಗಣತಿ ಇಲಾಖೆ ರಾಜ್ಯ, ಜಿಲ್ಲೆ, ತಾಲ್ಲೂಕು ಹಾಗೂ ಗ್ರಾಮಗಳಿಗೆ ಪ್ರತ್ಯೇಕ ಸಂಕೇತಗಳನ್ನು ನೀಡಿದೆ. 2011ರ ಗಣತಿಯಲ್ಲಿ ಕರ್ನಾಟಕದ ಸಂಕೇತ 29, ಗ್ರಾಮಗಳಿಗೆ 6 ಅಂಕಿಗಳ ಸಂಕೇತ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಸಂಕೇತ ಪಟ್ಟಿಯನ್ನೂ ಬಳಸಬಹುದು. ಯಾವುದನ್ನು ಬಳಸಿದರೂ ಎರಡೂ ಕೋಷ್ಟಕಗಳಲ್ಲಿ ಅದೇ ಇರಬೇಕು. ಊರಿನ ಹೆಸರು ಚಿತ್ರದ ಮೇಲೆ ಮುದ್ರಿಸಲು ಮಾತ್ರ.

ಒಂದು ಎಚ್ಚರಿಕೆ: ಕರ್ನಾಟಕದ ತಾಲ್ಲೂಕುಗಳ ಜನಗಣತಿ ಸಂಕೇತ 5 ಅಂಕಿಗಳದ್ದಾಗಿದ್ದು ಸೊನ್ನೆಯಿಂದ ಆರಂಭವಾಗುತ್ತದೆ. ಎಕ್ಸೆಲ್‌ನಲ್ಲಿ ಕಡತ ತೆರೆದ ಕೂಡಲೇ ಆ ಸೊನ್ನೆ ಮಾಯವಾಗುತ್ತದೆ. ಸಂಕೇತದ ಕಂಬಸಾಲನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ತೆರೆಯುವುದು ಕಡ್ಡಾಯ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು

ಸಂಕೇತವಿಲ್ಲದೆ ಹೆಸರನ್ನೇ ನೆಚ್ಚಬೇಕಾದ ಸಂದರ್ಭಗಳೂ ಇರುತ್ತವೆ. ಆಗ ಕನ್ನಡ ಅಕ್ಷರಗಳ ಒಳಗಿನ ರಚನೆಯನ್ನು ತಿಳಿದಿರಬೇಕು.

ಯೂನಿಕೋಡ್‌ನಲ್ಲಿ ‘ಹೊ’ ಅಕ್ಷರವನ್ನು ಎರಡು ಬಗೆಯಲ್ಲಿ ದಾಖಲಿಸಬಹುದು. ‘ಹ’ಕಾರಕ್ಕೆ ‘ಒ’ ಸ್ವರದ ಚಿಹ್ನೆಯನ್ನು ಒಂದೇ ಘಟಕವಾಗಿ ಸೇರಿಸುವುದು ಒಂದು ಬಗೆ. ‘ಎ’ ಸ್ವರದ ಚಿಹ್ನೆ ಮತ್ತು ‘ಊ’ ಸ್ವರದ ಚಿಹ್ನೆಗಳನ್ನು ಒಂದರ ಹಿಂದೊಂದು ಇಡುವುದು ಇನ್ನೊಂದು ಬಗೆ. ಪರದೆಯ ಮೇಲೆ ಎರಡೂ ‘ಹೊ’ ಎಂದೇ ಮೂಡುತ್ತವೆ. ಆದರೆ ಯಂತ್ರ ಅಕ್ಷರಗಳನ್ನು ಹಾಗೆಯೇ ತಾಳೆ ನೋಡಿದಾಗ ‘ಹೊಂದಿಕೆ ಇಲ್ಲ’ ಎನ್ನುತ್ತದೆ. ಹೊಸಬಾಳೆ, ಸೊರಬ, ಶಿವಮೊಗ್ಗ ಈ ಮೂರೂ ಹೆಸರುಗಳಲ್ಲಿ ಈ ಸ್ವರವಿದೆ. ಗ್ರಾಮ, ತಾಲ್ಲೂಕು, ಜಿಲ್ಲೆ ಮೂರರಲ್ಲೂ ತೊಡಕು ಕಾದಿರುತ್ತದೆ ಎಂದಾಯಿತು. ಶಿಕಾರಿಪುರಕ್ಕೆ ಈ ತೊಡಕಿಲ್ಲ. ಹಾಗಾಗಿ ಒಂದು ತಾಲ್ಲೂಕು ಸರಿಯಾಗಿ ಹೊಂದಿ ಪಕ್ಕದ್ದು ಪೂರ್ತಿ ಕಾಣೆಯಾದರೆ ಮೊದಲು ಶಂಕಿಸಬೇಕಾದುದು ಇದನ್ನೇ.

ಎನ್‌ಎಫ್‌ಸಿ ಎಂಬ ಏಕರೂಪೀಕರಣ ಕ್ರಮವನ್ನು ಎರಡೂ ಕೋಷ್ಟಕಗಳಿಗೆ ಅನ್ವಯಿಸಿದರೆ ಈ ಭೇದ ಅಳಿಯುತ್ತದೆ. ಆರ್ ಮತ್ತು ಪೈಥಾನ್ ಭಾಷೆಗಳಲ್ಲಿ ಇದಕ್ಕೆ ಸಿದ್ಧ ಆದೇಶಗಳಿವೆ. ಹೆಸರಿನ ಹಿಂದೆ ಮುಂದೆ ಉಳಿದ ಖಾಲಿ ಜಾಗ, ಅಕ್ಷರಗಳ ನಡುವೆ ಅಡಗಿರುವ ಅಗೋಚರ ಚಿಹ್ನೆಗಳನ್ನೂ ತೆಗೆಯಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪು ಮಾಡಿದ ಕಡತವಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸದೆ ಮುಂದೆ ಹೋಗುವಂತಿಲ್ಲ.

ಒಂದು ಊರಿಗೆ ಒಂದೇ ಸಾಲು

ಟಿಪ್ಪಣಿ ಕೋಷ್ಟಕದಲ್ಲಿ ಪ್ರತಿ ಗ್ರಾಮಕ್ಕೂ ಒಂದು ಸಾಲು ಇರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಂಗಗಳ ಸಾವಿನ ಮೂಲ ಪಟ್ಟಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಒಂದೊಂದು ಸಾವಿಗೂ ಒಂದೊಂದು ಸಾಲು ಬರೆದಿರುತ್ತಾರೆ. ಒಂದು ಊರಿನಲ್ಲಿ 4 ಮಂಗಗಳು ಸತ್ತಿದ್ದರೆ 4 ಸಾಲು. ಅದನ್ನು ಹಾಗೆಯೇ ಅಂಕಿ ಕೋಷ್ಟಕಕ್ಕೆ ಜೋಡಿಸಿದರೆ ಆ ಊರಿನ ಪ್ರಕರಣಗಳೂ 4 ಬಾರಿ ಎಣಿಕೆಯಾಗುತ್ತವೆ. ಎಕ್ಸೆಲ್‌ನ ವಿ-ಲುಕಪ್ ಬಳಸಿದರೆ ಮೊದಲ ಸಾಲು ಮಾತ್ರ ಸಿಕ್ಕಿ ಉಳಿದ ಮೂರು ಬಿಟ್ಟುಹೋಗುತ್ತವೆ. ವಿ-ಲುಕಪ್‌ನ ಕೊನೆಯ ಆಯ್ಕೆಯನ್ನು ಖಾಲಿ ಬಿಟ್ಟರಂತೂ ಅದು ನಿಖರ ಹೊಂದಿಕೆಯ ಬದಲು ‘ಸರಿಸುಮಾರು’ ಹೊಂದಿಕೆಯನ್ನು ಹುಡುಕಿ ಬೇರೆ ಊರಿನ ವಿವರವನ್ನೇ ತಂದಿಡಬಲ್ಲದು.

ಆದ್ದರಿಂದ ಮೊದಲು ಗ್ರಾಮವಾರು ಒಟ್ಟುಗೂಡಿಸಿ, ಬಳಿಕ ಜೋಡಿಸಬೇಕು. ಜೋಡಣೆಗೆ ಮುನ್ನ ಮತ್ತು ಅನಂತರ ಸಾಲುಗಳನ್ನು ಎಣಿಸಿ ನೋಡಬೇಕು. ಸಂಖ್ಯೆ ಹೆಚ್ಚಿದ್ದರೆ ಪುನರಾವರ್ತನೆಯಾಗಿದೆ, ಕಡಿಮೆಯಾಗಿದ್ದರೆ ಊರು ಕೈಬಿಟ್ಟಿದೆ ಎಂದರ್ಥ.

ಕ್ರಮ ತಪ್ಪಿದರೆ ಆಗುವುದೇನು?

ಕೆಳಗಿನದು ವಿವರಣೆಗಾಗಿ ರಚಿಸಿದ ಪುಟ್ಟ ಕೋಷ್ಟಕ. ಇದರಲ್ಲಿನ ಅಂಕಿಗಳು ಯಾವುದೇ ನಿಜ ಗ್ರಾಮಕ್ಕೆ ಸಂಬಂಧಿಸಿದವಲ್ಲ.

ಅಂಕಿ ಕೋಷ್ಟಕ (ವಾರವಾರು ಪ್ರಕರಣಗಳು)
ಸಂಕೇತ | ವಾರ 1 | ವಾರ 2 | ವಾರ 3
101 | 0 | 2 | 5
102 | 0 | 0 | 0
103 | 1 | ಮಾಹಿತಿ ಇಲ್ಲ | 3

ಟಿಪ್ಪಣಿ ಕೋಷ್ಟಕ
ಸಂಕೇತ | ತಾಲ್ಲೂಕು | ನೆಲೆ | ಮಂಗಗಳ ಸಾವು
101 | ಸೊರಬ | ಕಾಡಂಚು | ವರದಿಯಾಗಿದೆ
102 | ಶಿಕಾರಿಪುರ | ಬಯಲು | ಶೋಧಿಸಲಾಗಿದೆ, ಇಲ್ಲ
103 | ಸೊರಬ | ಕಾಡಂಚು | ಶೋಧಿಸಿಲ್ಲ

ಎರಡೂ ಒಂದೇ ಕ್ರಮದಲ್ಲಿರುವವರೆಗೆ ತೊಂದರೆಯಿಲ್ಲ. ಈಗ ಯಾರೋ ಟಿಪ್ಪಣಿ ಕೋಷ್ಟಕವನ್ನು ತಾಲ್ಲೂಕಿನ ಹೆಸರಿನ ಅಕಾರಾದಿಯಲ್ಲಿ ಜೋಡಿಸಿದರು ಎನ್ನೋಣ. ‘ಶ’ ಮೊದಲು, ‘ಸ’ ಅನಂತರ. ಕ್ರಮ 102, 101, 103 ಎಂದಾಯಿತು. ಇದನ್ನು ಸಂಕೇತ ನೋಡದೆ ಅಂಕಿ ಕೋಷ್ಟಕದ ಪಕ್ಕಕ್ಕೆ ಅಂಟಿಸಿದರೆ ಪ್ರಕರಣಗಳು ಏರುತ್ತಿರುವ ಮೊದಲ ಊರು ‘ಶಿಕಾರಿಪುರ, ಬಯಲು, ಮಂಗಗಳ ಸಾವಿಲ್ಲ’ ಎಂದು ಕಾಣುತ್ತದೆ. ಒಂದೂ ಪ್ರಕರಣವಿಲ್ಲದ ಎರಡನೆಯ ಊರು ‘ಸೊರಬ, ಕಾಡಂಚು, ಸಾವು ವರದಿಯಾಗಿದೆ’ ಎನಿಸಿಕೊಳ್ಳುತ್ತದೆ. ತೀರ್ಮಾನ ತಲೆಕೆಳಗು. ಮೂರನೆಯ ಸಾಲು ಮಾತ್ರ ಅಕಸ್ಮಾತ್ತಾಗಿ ಸರಿಯಾಗಿಯೇ ಉಳಿದಿದೆ. ಕೊನೆಯ ಸಾಲನ್ನಷ್ಟೇ ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಿದೆ ಎಂದೇ ತೋರುತ್ತದೆ. ತಂತ್ರಾಂಶವೂ ಯಾವ ದೋಷವನ್ನೂ ತೋರಿಸುವುದಿಲ್ಲ.

ಈ ವಿಷಯದಲ್ಲಿ ತಂತ್ರಾಂಶಗಳ ನಡವಳಿಕೆ ಒಂದೇ ತೆರನಾಗಿಲ್ಲ. ಆರ್ ಭಾಷೆಯ ‘ಪಿ-ಹೀಟ್‌ಮ್ಯಾಪ್’ ಎರಡೂ ಕೋಷ್ಟಕಗಳ ಸಾಲಿನ ಹೆಸರುಗಳನ್ನು ತಾಳೆ ನೋಡಿ ಜೋಡಿಸುತ್ತದೆ. ಪೈಥಾನ್‌ನ ‘ಸೀಬಾರ್ನ್’ ಕೂಡ ಟಿಪ್ಪಣಿಯನ್ನು ಪಾಂಡಾಸ್ ಕೋಷ್ಟಕವಾಗಿ ಕೊಟ್ಟರೆ ಸಾಲಿನ ಗುರುತನ್ನು ನೋಡುತ್ತದೆ. ಬರಿಯ ಬಣ್ಣಗಳ ಪಟ್ಟಿ ಕೊಟ್ಟರೆ ನೋಡುವುದಿಲ್ಲ. ಆರ್ ಭಾಷೆಯದೇ ಆದ, ಹೆಚ್ಚು ಸಾಮರ್ಥ್ಯದ ‘ಕಾಂಪ್ಲೆಕ್ಸ್‌ಹೀಟ್‌ಮ್ಯಾಪ್’ ಕೋಷ್ಟಕಗಳು ಕೊಟ್ಟ ಕ್ರಮದಲ್ಲಿಯೇ ಸರಿಯಾಗಿವೆ ಎಂದು ಭಾವಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವವರು ಎಡವುವುದು ಇಲ್ಲಿಯೇ. ಯಾವ ತಂತ್ರಾಂಶವಾದರೂ ಸರಿ, ಅಂಕಿ ಕೋಷ್ಟಕದ ಸಂಕೇತಗಳ ಕ್ರಮಕ್ಕೆ ಟಿಪ್ಪಣಿ ಕೋಷ್ಟಕವನ್ನು ಮೊದಲೇ ಹೊಂದಿಸಿಕೊಳ್ಳುವುದು ಕ್ಷೇಮ.

ಒಂದೇ ಬಗೆಯ ಊರುಗಳನ್ನು ಗುಂಪುಗೂಡಿಸುವ ಸೌಲಭ್ಯವೂ ಈ ತಂತ್ರಾಂಶಗಳಲ್ಲಿದೆ. ಆಗ ಅಡ್ಡಸಾಲುಗಳ ಸ್ಥಾನ ಬದಲಾದರೂ ಟಿಪ್ಪಣಿ ಪಟ್ಟಿ ಜೊತೆಯಲ್ಲಿಯೇ ಸರಿಯುತ್ತದೆ. ಪಟ್ಟಿಯನ್ನು ಚಿತ್ರದ ಮೇಲೆ ಕೈಯಿಂದ ಅಂಟಿಸಿದ್ದರೆ ಸರಿಯುವುದಿಲ್ಲ.

ಸೊನ್ನೆ ಬೇರೆ, ಖಾಲಿ ಬೇರೆ

‘ಮಂಗ ಸತ್ತಿಲ್ಲ’ ಎಂಬುದಕ್ಕೂ ‘ಸತ್ತಿದೆಯೇ ಎಂದು ಯಾರೂ ನೋಡಿಲ್ಲ’ ಎಂಬುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಕಾಡಿನೊಳಗೆ ಸತ್ತ ಪ್ರಾಣಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಎರಡನ್ನೂ ಸೊನ್ನೆ ಎಂದು ಬರೆದರೆ ಹುಡುಕದ ಊರು ಸುರಕ್ಷಿತ ಊರಾಗಿ ಕಾಣುತ್ತದೆ. ಕೋಷ್ಟಕದಲ್ಲಿ ‘0’, ‘-’, ‘ಇಲ್ಲ’, ಖಾಲಿ ಮನೆ ಇವೆಲ್ಲ ಬೆರೆತಿದ್ದರೆ ಪ್ರತಿಯೊಂದರ ಅರ್ಥವನ್ನು ಪಟ್ಟಿ ಬರೆದವರಿಂದಲೇ ಕೇಳಿ ತಿಳಿದು ಬೇರ್ಪಡಿಸಬೇಕು. ಮಾಹಿತಿ ಇಲ್ಲದ ಮನೆಗೆ ಬೂದು ಬಣ್ಣ ಕೊಟ್ಟು, ಅದರ ಅರ್ಥವನ್ನು ಚಿತ್ರದ ಬಣ್ಣಸೂಚಿಯಲ್ಲಿ ತಿಳಿಸುವುದು ರೂಢಿ.

ಕಾಲದ ಲೆಕ್ಕ

ಮಂಗನ ಕಾಯಿಲೆ ಸಾಮಾನ್ಯವಾಗಿ ಚಳಿಗಾಲದಲ್ಲಿ ಆರಂಭವಾಗಿ ಮುಂಗಾರಿಗೆ ಮುನ್ನ ಇಳಿಯುತ್ತದೆ. ಡಿಸೆಂಬರ್‌ನಿಂದ ಮೇವರೆಗಿನ ಅವಧಿ ಮುಖ್ಯವಾದುದು. ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನರ ಪ್ರಾಣ ತೆಗೆದ ಉಲ್ಬಣ 2018-19ರ ಋತುವಿನದು. ಕ್ಯಾಲೆಂಡರ್ ವರ್ಷವನ್ನೇ ಟಿಪ್ಪಣಿಯಾಗಿ ಬಳಸಿದರೆ ಒಂದೇ ಉಲ್ಬಣ ಎರಡು ಬಣ್ಣಗಳಲ್ಲಿ ಒಡೆದುಹೋಗುತ್ತದೆ. ಆದ್ದರಿಂದ ‘2018-19’ ಎಂಬಂತೆ ಋತುವನ್ನೇ ಒಂದು ವರ್ಗವಾಗಿಸಬೇಕು. ದಿನಾಂಕವೂ ಯಾವುದೆಂದು ಸ್ಪಷ್ಟವಿರಬೇಕು. ಜ್ವರ ಬಂದ ದಿನ, ರಕ್ತದ ಮಾದರಿ ತೆಗೆದ ದಿನ, ಪ್ರಯೋಗಾಲಯದ ವರದಿ ಬಂದ ದಿನ ಮೂರೂ ಬೇರೆ ಬೇರೆ.

ಲಸಿಕೆಯ ಟಿಪ್ಪಣಿಗೂ ಈ ಎಚ್ಚರ ಬೇಕು. ಈ ಕಾಯಿಲೆಗೆ ದಶಕಗಳ ಕಾಲ ನೀಡಲಾಗುತ್ತಿದ್ದ ಲಸಿಕೆಯನ್ನು ಅದರ ಸಾಮರ್ಥ್ಯ ಕುಗ್ಗಿದ ಕಾರಣ 2022ರಲ್ಲಿ ನಿಲ್ಲಿಸಲಾಯಿತು. ನಂತರದ ಋತುಗಳಲ್ಲಿ ಆ ಮನೆಗೆ ‘ಲಸಿಕೆ ಪಡೆದಿಲ್ಲ’ ಎಂದು ಬರೆದರೆ ಜನರೇ ನಿರಾಕರಿಸಿದರೆಂಬ ಅರ್ಥ ಬರುತ್ತದೆ. ‘ಅನ್ವಯಿಸುವುದಿಲ್ಲ’ ಎಂಬುದೇ ಸರಿ.

ಎಕ್ಸೆಲ್‌ನ ಇನ್ನೊಂದು ಚಾಳಿಯನ್ನೂ ನೆನಪಿಡಬೇಕು. ‘5-9 ವರ್ಷ’ದ ವಯೋಗುಂಪನ್ನು ಸೂಚಿಸಲು ‘5-9’ ಎಂದಷ್ಟೇ ಬರೆದರೆ ಅದನ್ನು ದಿನಾಂಕವೆಂದು ತಿಳಿದು ಬದಲಾಯಿಸಿಬಿಡುತ್ತದೆ. ವಂಶವಾಹಿಗಳ ಹೆಸರುಗಳೇ ಹೀಗೆ ದಿನಾಂಕಗಳಾಗಿ ಕೆಡುತ್ತಿದ್ದುದರಿಂದ ಅವುಗಳಲ್ಲಿ ಕೆಲವನ್ನು ವಿಜ್ಞಾನಿಗಳು 2020ರಲ್ಲಿ ಬದಲಾಯಿಸಬೇಕಾಯಿತು. ‘5ರಿಂದ 9’ ಎಂದು ಬರೆದರೆ ತೊಂದರೆಯಿಲ್ಲ.

ಬಣ್ಣ ಮತ್ತು ಅಳತೆ

ಟಿಪ್ಪಣಿಗಳಲ್ಲಿ ಮೂರು ಬಗೆ. ತಾಲ್ಲೂಕಿನಂತಹ ವರ್ಗಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದ ಬಣ್ಣಗಳು ಬೇಕು. ‘ಕಡಿಮೆ, ಮಧ್ಯಮ, ಹೆಚ್ಚು’ ಎಂಬಂತಹ ಶ್ರೇಣಿಗಳಿಗೆ ಒಂದೇ ಬಣ್ಣದ ತಿಳಿಯಿಂದ ಗಾಢದವರೆಗಿನ ಛಾಯೆಗಳು ಸರಿ. ಶ್ರೇಣಿಯ ಕ್ರಮವನ್ನು ನಾವೇ ಹೇಳದಿದ್ದರೆ ತಂತ್ರಾಂಶ ಅಕಾರಾದಿಯಲ್ಲಿ ಜೋಡಿಸಿ ಶ್ರೇಣಿಗಳನ್ನು ಹಿಂದುಮುಂದಾಗಿಸಬಲ್ಲದು. ಕಾಡಿನಿಂದ ಇರುವ ದೂರದಂತಹ ಅಳತೆಗಳಿಗೆ ನಿರಂತರ ಛಾಯೆ ಬೇಕು. ಸಂಕೇತ ಸಂಖ್ಯೆಯನ್ನು ಅಳತೆಯೆಂದು ಭಾವಿಸಿ ಛಾಯೆ ಕೊಡುವ ತಪ್ಪು ಆಗಾಗ ಕಾಣುತ್ತದೆ. ತಾಲ್ಲೂಕಿನ ಸಂಕೇತ ದೊಡ್ಡದಾದ ಮಾತ್ರಕ್ಕೆ ತಾಲ್ಲೂಕು ದೊಡ್ಡದಲ್ಲ.

ಕೆಂಪು ಮತ್ತು ಹಸಿರನ್ನು ಗುರುತಿಸಲಾಗದವರು ಪ್ರತಿ ಊರಿನಲ್ಲೂ ಇರುತ್ತಾರೆ. ಆ ಜೋಡಿಯನ್ನು ಬಿಡುವುದು ಒಳಿತು. ಹಲವು ಚಿತ್ರಗಳಿದ್ದರೆ ಸೊರಬಕ್ಕೆ ಕೊಟ್ಟ ಬಣ್ಣ ಎಲ್ಲದರಲ್ಲೂ ಸೊರಬಕ್ಕೇ ಇರಲಿ. ಪಟ್ಟಿಗಳು ಮೂರು ನಾಲ್ಕನ್ನು ಮೀರಿದರೆ ಓದುಗರ ಕಣ್ಣು ದಣಿಯುತ್ತದೆ. ಇನ್ನು ಅಂಕಿ ಕೋಷ್ಟಕದಲ್ಲಿ ಬರಿಯ ಪ್ರಕರಣಗಳ ಸಂಖ್ಯೆಯಿದ್ದರೆ ದೊಡ್ಡ ಊರುಗಳೇ ಗಾಢವಾಗಿ ಕಾಣುತ್ತವೆ. ಸಾವಿರ ಜನಸಂಖ್ಯೆಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಸಣ್ಣ ಊರಿನ ಸಂಕಟವೂ ಕಾಣುತ್ತದೆ.

ರೋಗಿಯ ಗುರುತು ಬೇಡ

ಆಸ್ಪತ್ರೆಯ ಮೂಲ ಪಟ್ಟಿಯಲ್ಲಿ ಹೆಸರು, ವಯಸ್ಸು, ದೂರವಾಣಿ ಸಂಖ್ಯೆಗಳಿರುತ್ತವೆ. ಟಿಪ್ಪಣಿ ಕೋಷ್ಟಕಕ್ಕೆ ಅವು ಬೇಕಿಲ್ಲ. ಹೆಸರು ತೆಗೆದರಷ್ಟೇ ಸಾಲದು. ಕೆಲವೇ ಮನೆಗಳ ಊರಿನಲ್ಲಿ ಒಂದೇ ಪ್ರಕರಣವಿದ್ದು, ವಯೋಗುಂಪು ಮತ್ತು ಲಿಂಗವನ್ನೂ ಪಟ್ಟಿಯಲ್ಲಿ ತೋರಿಸಿದರೆ ಅದು ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವಾದರೂ ಅಂಜಿಕೆ ಹರಡಬಹುದು. ಪ್ರಕಟಣೆಗೆ ಕೊಡುವ ಚಿತ್ರದಲ್ಲಿ ಇಂತಹ ಊರುಗಳನ್ನು ಹೋಬಳಿಯ ಮಟ್ಟಕ್ಕೆ ಒಟ್ಟುಗೂಡಿಸುವುದು ಉತ್ತಮ.

ಚಿತ್ರ ಬಿಡಿಸುವ ಮುನ್ನ: ಸಂಕ್ಷಿಪ್ತ ಸೂಚನೆಗಳು

1. ಮೂಲ ಕಡತವನ್ನು ಮುಟ್ಟದೆ ಪ್ರತಿ ತೆಗೆದು ಕೆಲಸ ಮಾಡಿ.
2. ಎರಡೂ ಕೋಷ್ಟಕಗಳಲ್ಲಿ ಒಂದೇ ಬಗೆಯ ಗ್ರಾಮ ಸಂಕೇತ ಇರಲಿ. ಅದನ್ನು ಪಠ್ಯವಾಗಿ ಉಳಿಸಿ.
3. ಕನ್ನಡ ಹೆಸರುಗಳನ್ನು ಯೂನಿಕೋಡ್‌ನ ಏಕರೂಪಕ್ಕೆ ತನ್ನಿ.
4. ಪುನರಾವರ್ತಿತ ಸಾಲುಗಳನ್ನು ಒಟ್ಟುಗೂಡಿಸಿ ಒಂದು ಊರಿಗೆ ಒಂದೇ ಸಾಲು ಮಾಡಿ.
5. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಊರುಗಳನ್ನು ಪಟ್ಟಿ ಮಾಡಿ, ಸದ್ದಿಲ್ಲದೆ ಅಳಿಸಬೇಡಿ.
6. ಸೊನ್ನೆ, ಮಾಹಿತಿ ಇಲ್ಲ, ಅನ್ವಯಿಸುವುದಿಲ್ಲ ಮೂರನ್ನೂ ಬೇರ್ಪಡಿಸಿ.
7. ಟಿಪ್ಪಣಿ ಕೋಷ್ಟಕವನ್ನು ಅಂಕಿ ಕೋಷ್ಟಕದ ಕ್ರಮಕ್ಕೆ ಹೊಂದಿಸಿ, ಸಂಕೇತಗಳನ್ನು ಸಾಲುಸಾಲಾಗಿ ತಾಳೆ ನೋಡಿ.
8. ಚಿತ್ರ ಮೂಡಿದ ಬಳಿಕ ಮೊದಲಿನ, ನಡುವಿನ, ಕೊನೆಯ ಕೆಲವು ಊರುಗಳನ್ನು ಆಯ್ದು ಮೂಲ ದಾಖಲೆಯೊಂದಿಗೆ ಹೋಲಿಸಿ.

ಎಂಟನೆಯ ಸೂಚನೆಗೆ ಯಾವ ತಂತ್ರಾಂಶವೂ ಬೇಡ. ಆ ಭಾಗದ ಊರುಗಳನ್ನು ಬಲ್ಲ ಒಬ್ಬ ಆರೋಗ್ಯ ಸಹಾಯಕಿಗೋ ಗ್ರಾಮ ಲೆಕ್ಕಿಗರಿಗೋ ಚಿತ್ರವನ್ನು ತೋರಿಸಿದರೆ ಸಾಕು. ಕಾಡಂಚಿನ ಊರಿಗೆ ‘ಬಯಲು’ ಎಂಬ ಬಣ್ಣ ಬಿದ್ದಿದ್ದರೆ ಅವರು ನೋಡಿದ ಕೂಡಲೇ ಬೆರಳಿಟ್ಟು ತೋರಿಸಿಯಾರು.